ಚಳಿಗಾಲದ ಒಂಟಿ ನಡಿಗೆಗೆ ಮಲೆನಾಡೇ ಏಕೆ?

ಡಿಸೆಂಬರ್ ಬಂತೆಂದರೆ ಒಂದು ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿ ಕಾದು ಕೂತಿರುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬನೇ ನಾಲ್ಕು ದಿನ ನಡೆದು ಬರಬೇಕು ಎಂದು ಯಾರಾದರೂ ಅಂದರೆ ಸಾಕು, ಕೇಳಿಸಿಕೊಂಡವರು ಪಟಪಟನೆ ಹೆಸರು ಹೇಳುತ್ತಾರೆ: ಕುಮಾರ ಪರ್ವತ, ತಡಿಯಂಡಮೋಳ್, ಮುಳ್ಳಯ್ಯನಗಿರಿ, ಕೊಡಚಾದ್ರಿ. ಬೆಂಗಳೂರಿನವರು ಹೀಗೆ ಹೇಳಿದರೆ ನನಗೇನೂ ಅನ್ನಿಸುವುದಿಲ್ಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಅವರಿಗೆ ಬೆಳಗಾಗುವುದೇ ಅಲ್ಲಿ. ಆದರೆ ರಾಯಚೂರು ಜಿಲ್ಲೆಯ ಗುರುಗುಂಟಾದಲ್ಲಿ ಕೂತು ಚಹಾ ಕುಡಿಯುತ್ತ ನಮ್ಮದೇ ಹುಡುಗರು, "ನಮ್ಮ ಕಡಿ ಏನೈತ್ರೀ ನೋಡಾಕ? ಬರೇ ಬಿಸಲು, ಬರೇ ಕಲ್ಲು" ಎಂದು ರಾಜ್ಯದ ಇನ್ನೊಂದು ತುದಿಗೆ ಟಿಕೆಟ್ ಮಾಡಿಸುವುದನ್ನು ನೋಡಿದಾಗ ಸುಮ್ಮನಿರಲಾಗುವುದಿಲ್ಲ.

ಯಾವ ಸೀಮೆ ಚಂದ ಎಂಬ ಜಗಳ ನನ್ನದಲ್ಲ. ಘಟ್ಟ ಚಂದವೇ, ಯಾರು ಇಲ್ಲವೆಂದರು? ನನ್ನ ತಕರಾರು ದಾರಿ ಆರಿಸುವ ರೀತಿಯ ಬಗ್ಗೆ. ಒಬ್ಬನೇ, ಚಳಿಗಾಲದಲ್ಲಿ, ಹೊರೆ ಹೊತ್ತು ನಡೆಯುವವನು ಶಿಖರ ಎಷ್ಟು ಮೀಟರ್ ಎಂದು ಕೇಳಿ ಹೊರಡುತ್ತಾನಲ್ಲ, ಅದು ತಪ್ಪು. ನೀರೆಲ್ಲಿದೆ, ಮುಂದಿನ ಮನುಷ್ಯ ಎಲ್ಲಿದ್ದಾನೆ, ಕಾಲು ಉಳುಕಿದರೆ ಎಷ್ಟು ಹೊತ್ತಿನಲ್ಲಿ ಡಾಂಬರು ರಸ್ತೆಗೆ ಬಂದು ಬೀಳಬಹುದು ಎಂದು ಮೊದಲು ಕೇಳಬೇಕು. ಈ ಮೂರನ್ನು ನೆಟ್ಟಗೆ ಕೇಳಿದರೆ ಡಿಸೆಂಬರ್, ಜನವರಿಯಲ್ಲಿ ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಒಣನೆಲ ಘಟ್ಟದ ಹೆಸರಾಂತ ಶಿಖರಗಳಿಗಿಂತ ಒಳ್ಳೆಯ ದಾರಿ ಎಂಬುದು ನನ್ನ ವಾದ. ಜಂಭಕ್ಕೆ ಹೇಳುತ್ತಿಲ್ಲ, ಲೆಕ್ಕ ಕೊಡುತ್ತೇನೆ.

ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. ಎತ್ತರ 1,712 ಮೀಟರ್. ಕುಕ್ಕೆ ಕಡೆಯಿಂದ ಹತ್ತಿದರೆ ಒಂದು ಬದಿಗೆ ಸುಮಾರು 13 ಕಿಲೋಮೀಟರ್, ಏರು 1,500 ಮೀಟರಿಗೂ ಮೇಲೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಬೆಟ್ಟದ ನಡಿಗೆಯವನು 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದಾನೆ. ಇಂದಿಗೂ ಗುಡ್ಡ ಹತ್ತುವವರು ಅದನ್ನೇ ಹಿಡಿದು ಹೋಗುತ್ತಾರೆ: ಪ್ರತಿ ಐದು ಕಿಲೋಮೀಟರಿಗೆ ಒಂದು ತಾಸು, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ತಾಸು. ಆ ಪ್ರಕಾರ ಬರಿಗೈಯಲ್ಲಿ ಹೋಗುವ ಗಟ್ಟಿ ಆಳಿಗೇ ಮೇಲೆ ಮುಟ್ಟಲು ಐದು ತಾಸು. ಬೆನ್ನ ಮೇಲೆ ಹತ್ತು ಹನ್ನೆರಡು ಕಿಲೋ ಇದ್ದರೆ ಆರೋ ಏಳೋ. ಇಳಿಯಲು ಇನ್ನೂ ನಾಲ್ಕಾದರೂ ಬೇಕು. ಡಿಸೆಂಬರ್ ಕೊನೆಯ ಹಗಲು 11 ತಾಸು ಚಿಲ್ಲರೆ. ಕಾಡಿನೊಳಗೆ ಸೂರ್ಯ ಮುಳುಗುವ ಮೊದಲೇ ಕತ್ತಲು. ಊಟಕ್ಕೆ, ದಣಿವಿಗೆ, ದಾರಿ ತಪ್ಪುವುದಕ್ಕೆ ಈ ಲೆಕ್ಕದಲ್ಲಿ ಎಡೆ ಎಲ್ಲಿದೆ? ಅದು ಪುಷ್ಪಗಿರಿ ವನ್ಯಧಾಮ ಬೇರೆ, ಆನೆ ಓಡಾಡುವ ಜಾಗ. ಜನವರಿ ದಾಟಿದರೆ ಮೇಲಿನ ಝರಿಗಳು ಸೊರಗುತ್ತವೆ. ಹುಲ್ಲು ಒಣಗಿದ ಮೇಲೆ ಕಾಳ್ಗಿಚ್ಚಿನ ಭಯದಿಂದ ದಾರಿಯನ್ನೇ ಮುಚ್ಚುತ್ತಾರೆ.

"ಜನ ಇರ್ತಾರ್ರೀ ಅಲ್ಲಿ, ಹೆದರಿಕಿ ಇಲ್ಲ" ಎನ್ನುತ್ತಾರೆ. ಇರುತ್ತಾರೆ, ನಿಜ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಎಷ್ಟು ಜನ ಇದ್ದರೆಂಬುದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಜಾತ್ರೆಯ ತೇರಿನ ಮುಂದೂ ಅಷ್ಟು ನೂಕುನುಗ್ಗಲು ಇರುವುದಿಲ್ಲ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ದಾರಿಗಳನ್ನೆಲ್ಲ ತಾತ್ಕಾಲಿಕವಾಗಿ ನಿಲ್ಲಿಸಿತು, ಅದೇ ವರ್ಷ ಅಕ್ಟೋಬರಿನಲ್ಲಿ ಬುಕಿಂಗ್ ಶುರುಮಾಡಿ ಒಂದು ದಾರಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಒಳ್ಳೆಯ ಕೆಲಸವೇ. ಆದರೆ ಒಬ್ಬನೇ ಇರಬೇಕೆಂದು ಹೊರಟವನು ಮುನ್ನೂರರಲ್ಲಿ ಒಬ್ಬನಾಗಲು ಅಷ್ಟು ದೂರ ಹೋಗಬೇಕೆ? ಇನ್ನು ಗುಂಪಿನಿಂದ ಸಿಗುವ ಧೈರ್ಯದ ಮಾತು. 2019ರ ಸೆಪ್ಟೆಂಬರಿನಲ್ಲಿ ಅದೇ ಪರ್ವತದಲ್ಲಿ ಕಾಣೆಯಾದ ಬೆಂಗಳೂರಿನ ಯುವಕ ಗೆಳೆಯರ ತಂಡದ ಜೊತೆಗೇ ಹೋಗಿದ್ದವನು. ಅವನು ಕೊನೆಗೆ ಕುಕ್ಕೆಗೆ ಬಂದು ಮುಟ್ಟಿದ್ದು ಕಾಡಿನಲ್ಲಿ ಕಂಡ ನೀರಿನ ಪೈಪಿನ ಜಾಡು ಹಿಡಿದು. ಪೈಪು ಇರುವ ಕಡೆ ಮನೆ ಇರುತ್ತದೆ ಎಂಬ ಬುದ್ಧಿ ಅವನನ್ನು ಉಳಿಸಿತು.

ಇದೇ ಬೆಟ್ಟದ ಬಗ್ಗೆ ಇನ್ನೊಂದು ಸಂಗತಿ ಇದೆ, ಘಟ್ಟದ ಭಕ್ತರು ಅದನ್ನು ಯೋಚಿಸುವುದಿಲ್ಲ. ಕುಮಾರ ಪರ್ವತ ಹತ್ತಿಬಂದವರನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ. ತುದಿಯ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತಾರೆ. ಗಿರಿಗದ್ದೆಯ ಭಟ್ಟರ ಮನೆಯ ಅನ್ನ ಸಾರಿನ ಬಗ್ಗೆ ಮಾತು ಮುಗಿಯುವುದೇ ಇಲ್ಲ. ದಣಿದು ಬಂದಾಗ ಒಂದು ಮನೆ, ಒಂದು ಒಲೆ, ಬಡಿಸುವ ಒಂದು ಕೈ. ಒಂಟಿಯಾಗಿ ನಡೆಯುವವನಿಗೆ ಬೇಕಾದದ್ದೂ ಅದೇ. ಅಲ್ಲಿ ಇಡೀ ಏರಿಗೆ ಅಂಥ ಮನೆ ಒಂದು. ನಮ್ಮಲ್ಲಿ ಎರಡು ತಾಸು ನಡೆದರೆ ಒಂದು ಊರು, ಊರಿಗೊಂದು ಚಹಾದಂಗಡಿ, ಗುಡಿಯ ಕಟ್ಟೆ, ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕ. (ಘಟಕ ಕೆಟ್ಟು ನಿಂತಿರುವುದೂ ಉಂಟು, ಕೇಳಿಕೊಂಡೇ ಹೋಗಬೇಕು.)

ಎರಡನೆಯ ಭ್ರಮೆ ಮೊಬೈಲಿನ ಗೆರೆಯದು. ಯಾರೋ ನಡೆದ ಜಾಡನ್ನು ಇಳಿಸಿಕೊಂಡರೆ ದಾರಿ ಆರಿಸಿದಂತೆಯೇ ಎಂದು ಈಗಿನವರು ತಿಳಿದಿದ್ದಾರೆ. ಆ ಗೆರೆಗೆ ತಿಂಗಳು ಗೊತ್ತಿಲ್ಲ. ನಮ್ಮ ತಾಲ್ಲೂಕಿನ ಶೀಲಹಳ್ಳಿ ಸೇತುವೆ ನಕ್ಷೆಯಲ್ಲಿ ಹನ್ನೆರಡು ತಿಂಗಳೂ ಇರುತ್ತದೆ. ಆದರೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟ ಮಳೆಗಾಲದ ದಿನಗಳಲ್ಲಿ ಅದು ಹೊಳೆಯ ಅಡಿಗೆ ಹೋಗುತ್ತದೆ, ಜಲದುರ್ಗದ ಸುತ್ತಿನ ನಡುಗಡ್ಡೆಯ ಜನ ಲಿಂಗಸುಗೂರಿಗೆ ಬರಲು ಊರೆಲ್ಲ ಸುತ್ತು ಹಾಕುತ್ತಾರೆ. ನಾರಾಯಣಪುರ ಬಲದಂಡೆ ಕಾಲುವೆ ನಕ್ಷೆಯಲ್ಲಿ ಸದಾ ನೀಲಿ. ಕಾಲುವೆಗೆ ನೀರು ಬರುವುದು ವಾರಾಬಂದಿಯ ಮೇಲೆ: ಇಷ್ಟು ದಿನ ಬಿಡುವುದು, ಇಷ್ಟು ದಿನ ಬಂದ್. ನೀಲಿ ಗೆರೆ ನಂಬಿ ಖಾಲಿ ಬಾಟಲಿ ಹಿಡಿದು ಬಂದವನಿಗೆ ಒಣ ಕಾಂಕ್ರೀಟು ಸಿಗಬಹುದು. ನೀರು ಸಿಕ್ಕರೂ ಕುಡಿಯುವಂಥದ್ದಲ್ಲ, ಹತ್ತಿಗೂ ಮೆಣಸಿನಕಾಯಿಗೂ ಹೊಡೆದ ಔಷಧ ಕೊನೆಗೆ ಸೇರುವುದು ಅಲ್ಲಿಗೇ. ಜಿಲ್ಲೆಯ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವ ಊರುಗಳೂ ಕಡಿಮೆಯಿಲ್ಲ. ಇವನ್ನೆಲ್ಲ ಹೇಳುವುದು ಹೊಲದಲ್ಲಿ ನಿಂತ ಮನುಷ್ಯ, ಮೊಬೈಲಲ್ಲ.

ದಾರಿ ಆರಿಸುವುದು ಹೇಗೆಂದು ನಿಜವಾಗಿ ಬಲ್ಲವರು ನಮ್ಮ ಕುರಿಗಾಹಿಗಳು. ಸುಗ್ಗಿ ಮುಗಿದು ಹೊಲ ಖಾಲಿಯಾಗುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯ ಹಿಂಡುಗಳು ಎರಡು ಹೊಳೆಗಳ ನಡುವಿನ ಈ ದೋಆಬದಲ್ಲಿ ಕಾಣತೊಡಗುತ್ತವೆ. ಹತ್ತಿರ ಹೋಗಿ ನೋಡಬೇಕು. ಹೊಲದ ನಡುವೆ ಬಲೆ ಕಟ್ಟಿ ಮಾಡಿದ ಹಟ್ಟಿ, ಬಿದಿರು ಬುಟ್ಟಿಯಡಿ ಮುಚ್ಚಿಟ್ಟ ಎಳೆ ಮರಿಗಳು, ಕುದುರೆಯ ಮೇಲಿಂದ ಇಳಿಸಿದ ಪಾತ್ರೆ ಪಗಡೆ, ಮೂರು ಗುಂಡುಕಲ್ಲಿನ ಒಲೆಯ ಮೇಲೆ ಬೇಯುವ ರೊಟ್ಟಿ. ಮಲಗಲು ಒಂದು ಕರಿ ಕಂಬಳಿ, ಕಾಲಿಗೆ ಟೈರಿನ ಚಪ್ಪಲಿ. ಟೈರೇ ಏಕೆಂದರೆ ಬಳ್ಳಾರಿ ಜಾಲಿಯ ಮುಳ್ಳು ಹತ್ತು ಸಾವಿರದ ಬೂಟಿನ ಅಟ್ಟೆಯನ್ನೂ ತೂರಿ ಬರುತ್ತದೆ. ಹಿಂಡು ಏಳುವ ಮೊದಲು ಒಬ್ಬ ಮುಂದೆ ಹೋಗಿ ಬರುತ್ತಾನೆ. ಹಳ್ಳ ನೋಡಿ, ಹೊಲದ ಒಡೆಯನ ಹತ್ತಿರ ಕುರಿ ತರುಬಲು ಎಷ್ಟು ಕಾಳು, ಎಷ್ಟು ರೊಕ್ಕ ಎಂದು ಮಾತಾಡಿ ಬಂದ ಮೇಲೇ ಉಳಿದವರು ಹೊರಡುವುದು. ದಾರಿ ಹೆಂಗ ಗೊತ್ತುಮಾಡ್ತೀರಿ ಎಂದು ಕೇಳಿದ್ದಕ್ಕೆ ಒಬ್ಬ ಹಿರಿಯ ಹೇಳಿದ್ದು ಇಷ್ಟು: "ಗುಡ್ಡ ನೋಡಿ ಹೊಂಟ್ರ ಕುರಿ ಸಾಯ್ತಾವ್ರೀ. ಮೊದ್ಲ ಹಳ್ಳದಾಗ ನೀರೈತೇನು ಕೇಳ್ಬೇಕು. ಆಮ್ಯಾಲ ಹೊಲದ ಗೌಡ ಎಂಥಾಂವ ಅದಾನ ಕೇಳ್ಬೇಕು. ಆಮ್ಯಾಲ ದಾರಿ." ಚಾರಣದ ತರಬೇತಿ ಕೊಡುವವರು ದಿನವಿಡೀ ಹೇಳುವುದನ್ನು ಅವನು ಬೀಡಿ ಹಚ್ಚುವಷ್ಟರಲ್ಲಿ ಹೇಳಿದ. ನಡಿಗೆಯ ಜ್ಞಾನ ಪೇಟೆಯಿಂದ ಬರಬೇಕು ಎಂದುಕೊಂಡವರು ಜನವರಿ ನಡುವೆ ತಿಂಥಣಿ ಬ್ರಿಡ್ಜಿನ ಕನಕ ಗುರುಪೀಠದಲ್ಲಿ ನಡೆಯುವ ಹಾಲುಮತ ಸಂಸ್ಕೃತಿ ವೈಭವಕ್ಕೆ ಹೋಗಿ ಬರಲಿ. ಜೀವನವಿಡೀ ನಡೆದವರು ಅಲ್ಲಿ ಸೇರಿರುತ್ತಾರೆ.

ಈಗ "ನೋಡಾಕ ಏನೈತಿ" ಎಂಬ ಮಾತಿಗೆ ಬರುತ್ತೇನೆ. ಗುರುಗುಂಟಾದ ಅಮರೇಶ್ವರನಿಗೆ ಕೈಮುಗಿದು ಹೊರಡುವವನಿಗೆ ಎರಡು ದಿಕ್ಕು ಇವೆ. ಒಂದು ಪಡುವಣಕ್ಕೆ, ಜಲದುರ್ಗದ ಕಡೆ. ಕೃಷ್ಣೆ ಇಲ್ಲಿ ಬಯಲಿನ ಹೊಳೆಯ ಸೌಮ್ಯ ಬಿಟ್ಟು ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತದೆ, ಕವಲೊಡೆದು ನಡುಗಡ್ಡೆ ಕಟ್ಟುತ್ತದೆ, ಆ ಕಡಿದಾದ ದಂಡೆಯ ಮೇಲೆ ಕೋಟೆ. ಕೋಟೆಯ ಅಂಚಿಗೆ ನಿಂತು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಎತ್ತರದ ಹಂಬಲ ಇರುವವರಿಗೆ ಅಷ್ಟು ಸಾಲದೆ? ಮಳೆಗಾಲದಲ್ಲಿ ಇಲ್ಲಿಗೆ ಬರುವುದೇ ಕಷ್ಟ, ಬೇಸಿಗೆಯಲ್ಲಿ ಬಂಡೆ ಕಾದ ಹೆಂಚು. ಇದು ಚಳಿಗಾಲದ್ದೇ ಜಾಗ. ಅಲ್ಲಿಂದ ತೆಂಕಣಕ್ಕೆ ತಿರುಗಿದರೆ ಮುದಗಲ್ಲಿನ ಕೋಟೆ, ಕಂದಕ.

ಇನ್ನೊಂದು ದಿಕ್ಕು ನನಗೆ ಹೆಚ್ಚು ಪ್ರೀತಿಯದು: ಹಟ್ಟಿ, ಅಲ್ಲಿಂದ ಮಸ್ಕಿ. ನೆಲದಡಿಯ ಹಳೆಯ ಶಿಲಾಪಟ್ಟಿಯ ಮೇಲೇ ಈ ದಾರಿ ಹೋಗುತ್ತದೆ. ಭೂವಿಜ್ಞಾನಿಗಳು ಅದನ್ನು ಹಟ್ಟಿ-ಮಸ್ಕಿ ಪಟ್ಟಿ ಎಂದೇ ಕರೆಯುತ್ತಾರೆ. ಸುತ್ತಲ ಗುಡ್ಡಗಳ ಬೂದು ಗ್ರಾನೈಟು ಮಾಯವಾಗಿ ಕಾಲಡಿ ಕಪ್ಪು ಹಸಿರು ಕಲ್ಲಿನ ಚೂರುಗಳು ಶುರುವಾದಾಗ ಪಟ್ಟಿಯೊಳಗೆ ಬಂದೆ ಎಂದು ತಿಳಿಯಬೇಕು. ಯಂತ್ರಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲು ಜನ ಬೆಂಕಿ ಹಾಕಿ ಬಂಡೆ ಬಿರಿಸಿ ಇಲ್ಲಿ ಚಿನ್ನ ತೆಗೆದಿದ್ದಾರೆ. ಇಂದೂ ನಡೆಯುತ್ತಿರುವ ದೇಶದ ಚಿನ್ನದ ಗಣಿ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಹಟ್ಟಿ. ದಾರಿ ತಪ್ಪಿದರೆ ಗಣಿಯ ಗೋಪುರ ದೂರದಿಂದಲೇ ದಿಕ್ಕು ಹೇಳುತ್ತದೆ. ಮಸ್ಕಿಯ ದುರ್ಗದ ಗುಡ್ಡ ಎತ್ತರದ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಆದರೆ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಈ ಸೀಮೆಯಲ್ಲಿ ಅಲೆಯುತ್ತ ಇಲ್ಲಿನ ಬಂಡೆಯ ಮೇಲೆ ಬರಹ ಕಂಡ. ಅದುವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವೆಲ್ಲ ಅಶೋಕನವೇ ಎಂದು ಸಿಂಹಳದ ಗ್ರಂಥಗಳ ಆಸರೆಯಿಂದ ವಿದ್ವಾಂಸರು ಊಹಿಸಿದ್ದರು. ಮಸ್ಕಿಯ ಬಂಡೆ ಅಶೋಕನ ಹೆಸರನ್ನೇ ಹೇಳಿತು. ಭಾರತದ ಚರಿತ್ರೆಯ ಒಂದು ದೊಡ್ಡ ಅನುಮಾನ ತೀರಿದ ಗುಡ್ಡದ ಮುಂದೆ ನಿಂತು ನೋಡಾಕ ಏನೈತಿ ಎನ್ನುವವನಿಗೆ ನಾನು ಮುಳ್ಳಯ್ಯನಗಿರಿಯ 1,930 ಮೀಟರನ್ನು ಬಿಟ್ಟುಕೊಡುತ್ತೇನೆ. ಹೋಗಿ ಸೆಲ್ಫಿ ತೆಗೆದುಕೊಳ್ಳಲಿ.

ಹವೆಯ ಮಾತು ಬೇಗ ಮುಗಿಸೋಣ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ಹೆಚ್ಚಿನದು ಅಕ್ಟೋಬರಿನೊಳಗೆ. ಜನವರಿ ಬೆಳಗಿನ ಜಾವ 15 ಡಿಗ್ರಿಯ ಅಂಚು, ಮಧ್ಯಾಹ್ನ 30ರ ಹತ್ತಿರ. ಎಂಟು ಸಾವಿರದ ಜಾಕೆಟ್ ಬೇಡ, ಒಂದು ಕಂಬಳಿ ಸಾಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಸುದ್ದಿ ಬಂದರೆ ಮಾತ್ರ ಎರೆ ಹೊಲದ ದಾರಿ ಬಿಟ್ಟು ಮಸಾರಿ ನೆಲದ ಮೇಲೇ ಹೋಗಬೇಕು. ನೆನೆದ ಎರೆ ಮಣ್ಣು ಕಾಲಿಗೆ ಮೆತ್ತಿದರೆ ಹೆಜ್ಜೆಗೊಂದು ಕಿಲೋ ಭಾರ. ಈ ಹೊತ್ತಿಗೆ ಹೊಲದ ತುಂಬ ಹಿಂಗಾರಿ ಜೋಳ, ಕಡಲೆ. ತೊಗರಿ ರಾಶಿ ಮುಗಿಯುತ್ತಿರುತ್ತದೆ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಸಾಲುಗಟ್ಟಿ ನಿಂತಿರುತ್ತಾರೆ. ಎಳ್ಳ ಅಮಾಸಿಯ ದಿನ ಹೊಲದ ಬದುವಿನ ಮೇಲೆ ನಡೆದು ಹೋಗುವವನನ್ನು ಉಣ್ಣದೆ ಮುಂದೆ ಬಿಡುವ ಊರು ನಮ್ಮ ಕಡೆ ಇಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಕೈಗೆ ಬಂದಮೇಲೆ ಚೀಲದೊಳಗಿನ ನೂಡಲ್ಸ್ ಪೊಟ್ಟಣವನ್ನು ಯಾರಿಗಾದರೂ ಕೊಟ್ಟು ಹಗುರಾಗಬಹುದು.

ಎದುರು ವಾದ ಇಲ್ಲವೆಂದಲ್ಲ. ಒಂದು ಬಹಳ ಗಟ್ಟಿಯಾದದ್ದು. ಕಾಡಿನಲ್ಲಿ ಒಂಟಿ ಮನುಷ್ಯನಿಗೆ ಪ್ರಾಣಿಯ ಭಯ, ಬಯಲಿನಲ್ಲಿ ಮನುಷ್ಯನ ಭಯ ಎನ್ನುತ್ತಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬನನ್ನು ಹೊಡೆದು ಕೊಂದಿತು. ಅದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಆದದ್ದು, ನಾನು ಅದನ್ನು ಮುಚ್ಚಿಟ್ಟು ವಾದ ಗೆಲ್ಲಲಾರೆ. ಆದರೆ ಅದರಿಂದ ಕಲಿಯಬೇಕಾದದ್ದು ಊರು ತಪ್ಪಿಸಿ ನಡೆಯಬೇಕು ಎಂದಲ್ಲ. ಊರಿಗೆ ಕಾಲಿಟ್ಟೊಡನೆ ನಮ್ಮ ಹಿರಿಯರು ಕೇಳುವ ಪ್ರಶ್ನೆ ಇದೆಯಲ್ಲ, "ಯಾವೂರು ತಮ್ಮಾ? ಯಾರ ಮನಿಗಿ ಹೊಂಟಿ?" ಎಂದು, ಪಟ್ಟಣದ ನಡಿಗೆಯವರು ಅದಕ್ಕೆ ಸಿಡುಕುತ್ತಾರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಂದೆ ಹೋಗುತ್ತಾರೆ. ಅಲ್ಲೇ ಅನುಮಾನ ಹುಟ್ಟುವುದು. ಕಟ್ಟೆಯ ಮೇಲೆ ಚೀಲ ಇಳಿಸಿ, ಹೆಸರು ಹೇಳಿ, ಇಂಥ ಊರಿಗೆ ಹೊರಟಿದ್ದೇನೆ ಎಂದು ಹೇಳಿ, ಚಹಾ ಕುಡಿದರೆ ಆ ಊರಿಗೆ ನಿಮ್ಮ ಗುರುತು ಸಿಕ್ಕಿತು. ಸಂಜೆ ಮುಂದಿನ ಊರಿಗೆ ಮುಟ್ಟದಿದ್ದರೆ ಹುಡುಕಲು ಬರುವವರೂ ಅವರೇ. ಅರಣ್ಯದ ಚೆಕ್‌ಪೋಸ್ಟಿನ ರಿಜಿಸ್ಟರಿಗಿಂತ ನಾನು ಆ ಕಟ್ಟೆಯನ್ನು ನಂಬುತ್ತೇನೆ. ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚುತ್ತ ಫೋಟೊ ತೆಗೆಯುವ ಚಟ ಇದ್ದವರು ಮನೆಯಲ್ಲೇ ಇರುವುದು ಒಳ್ಳೆಯದು. ಹೆಣ್ಣುಮಗಳೊಬ್ಬಳು ಹೀಗೆ ಹೊರಟರೆ ಲೆಕ್ಕ ಬೇರೆಯೇ ಆಗುತ್ತದೆ. ಅವಳು ರಾತ್ರಿ ತಂಗುವ ಮನೆಗಳನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡಬೇಕಾಗುತ್ತದೆ. ಇದು ನಮ್ಮ ಸಮಾಜಕ್ಕೆ ನಾಚಿಕೆಯ ಮಾತು, ಘಟ್ಟಕ್ಕೆ ಹೋದರೂ ಇದು ತಪ್ಪುವುದಿಲ್ಲ.

ಉಳಿದ ಅಪಾಯಗಳನ್ನು ಎದುರು ವಾದದವರು ಹೇಳುವುದೇ ಇಲ್ಲ, ಅವರಿಗೆ ಈ ನೆಲ ಗೊತ್ತಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಹೊಳೆಯ ದಂಡೆಯ ಮೇಲೆ ಡೇರೆ ಹಾಕಿ ಬೆಳದಿಂಗಳು ನೋಡುವ ಆಸೆ ಯಾರಿಗೂ ಬೇಡ. ಈಜುವುದಂತೂ ಬೇಡವೇ ಬೇಡ. ಕೊಳಕುಮಂಡಲ ಚಳಿಗಾಲದಲ್ಲೂ ಓಡಾಡುವ ಹಾವು, ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ ಕಾಲಿಡಬಾರದು, ಮೇವಿನ ಬಣವೆಯ ಬುಡದಲ್ಲಿ ಮಲಗಬಾರದು. ಹಾವು ಕಡಿದರೆ ಬೇಕಾದದ್ದು ಆಸ್ಪತ್ರೆಯ ಚುಚ್ಚುಮದ್ದು. ಇಲ್ಲಿ ಕೂಗಿದರೆ ಯಾರದಾದರೂ ಬೈಕೋ ಟಂಟಂ ಗಾಡಿಯೋ ಸಿಗುತ್ತದೆ, ಲಿಂಗಸುಗೂರಿಗೋ ಮಸ್ಕಿಗೋ ಮುಟ್ಟಿಸುತ್ತಾರೆ. ಘಟ್ಟದ ತುದಿಯಲ್ಲಿ ಕಡಿಸಿಕೊಂಡವನನ್ನು ಹೊತ್ತು ಇಳಿಸಲು ನಾಲ್ಕು ಜನ ಬೇಕು, ಒಂಟಿಯಾಗಿ ಹೋದವನಿಗೆ ಆ ನಾಲ್ಕು ಜನ ಎಲ್ಲಿಂದ ಬರಬೇಕು?

ನಡಿಗೆ ನಮ್ಮ ಮಂದಿಯ ಸಂಸ್ಕೃತಿಯಲ್ಲ, ಅದು ಮಲೆನಾಡಿನ ಹೋಮ್‌ಸ್ಟೇಗಳ ಜೊತೆ ಬಂದದ್ದು ಎಂಬ ಮಾತನ್ನೂ ಕೇಳಿದ್ದೇನೆ. ಯುಗಾದಿ ಹತ್ತಿರವಾದಾಗ ನಮ್ಮ ರಸ್ತೆಗಳ ಮೇಲೆ ನಿಂತು ನೋಡಬೇಕು ಇವರು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊರಟ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರಿನ ಆಚೆ ವೆಂಕಟಾಪುರದಿಂದ ನಲ್ಲಮಲ ಹೊಕ್ಕು, ನಾಗಲೂಟಿ, ಪೆಚ್ಚೆರುವು ದಾಟಿ, ಭೀಮನ ಕೊಳ್ಳ ಇಳಿದು ಹತ್ತಿ ಮಲ್ಲಯ್ಯನ ಹತ್ತಿರ ಮುಟ್ಟುತ್ತಾರೆ. ಎಪ್ಪತ್ತರ ಮುದುಕಿಯರು ಬರಿಗಾಲಲ್ಲಿ. ಆದರೆ ಇದನ್ನು ಕೇಳಿ, ಹಾಗಾದರೆ ಡಿಸೆಂಬರಿನಲ್ಲಿ ನಾನೂ ಒಬ್ಬನೇ ಆ ದಾರಿ ಹಿಡಿಯುತ್ತೇನೆ ಎಂದು ಒಬ್ಬ ಹುಡುಗ ಹೊರಟರೆ ನಾನು ಚೀಲ ಹಿಡಿದು ನಿಲ್ಲಿಸುತ್ತೇನೆ. ಅದು ನಾಗಾರ್ಜುನಸಾಗರ ಶ್ರೀಶೈಲ ಹುಲಿ ಮೀಸಲು ಅರಣ್ಯ. ಹಬ್ಬದ ದಿನಗಳಲ್ಲಿ ಅರಣ್ಯದವರು ದಾರಿ ಬಿಟ್ಟಿರುತ್ತಾರೆ, ದಾನಿಗಳು ನೀರಿನ ತೊಟ್ಟಿ, ದಾಸೋಹ ನಡೆಸುತ್ತಾರೆ, ಹಿಂದೆ ಮುಂದೆ ಸಾವಿರ ಜನ. ಚಳಿಗಾಲದಲ್ಲಿ ಅವೊಂದೂ ಇಲ್ಲ. ಅದೇ ಕಲ್ಲು, ಅದೇ ತಿರುವು, ಆದರೆ ಅದು ಆಗ ಒಂಟಿ ಮನುಷ್ಯನ ದಾರಿಯಲ್ಲ. ತಿಂಗಳು, ನೀರು, ಜನ ಬಿಟ್ಟು ದಾರಿಯ ಹೆಸರು ಮಾತ್ರ ಹೇಳಿ ಕಳಿಸುವವರ ಸಲಹೆ ಎಷ್ಟು ಟೊಳ್ಳು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಘಟ್ಟಕ್ಕೆ ಹೋಗಲೇಬೇಡಿ ಎಂದು ನಾನು ಹೇಳಿದ್ದೇನೆಂದು ಯಾರೂ ತಿರುಚಬಾರದು. ಇಬ್ಬರು ಮೂವರು ಸೇರಿ, ಬುಕಿಂಗ್ ಮಾಡಿಸಿ, ಕೆಲಸದ ದಿನ ನೋಡಿಕೊಂಡು ಹೋಗಿ. ಒಬ್ಬರೇ ನಡೆಯುವ ಮನಸ್ಸಿದ್ದರೆ ನಮ್ಮ ಕಡೆ ಬನ್ನಿ, ಕೊಯ್ಯದ ಹೊಲದೊಳಗೆ ಕಾಲಿಡದೆ ಬದುವಿನ ಮೇಲೆ ನಡೆಯಿರಿ, ಕೇಳಿದವರಿಗೆಲ್ಲ ಊರು ಹೆಸರು ಹೇಳಿ. ಎಳ್ಳ ಅಮಾಸಿಯಿಂದ ಶಿವರಾತ್ರಿಯವರೆಗೆ ಅವಕಾಶ. ಶಿವರಾತ್ರಿ ದಾಟಿದರೆ ಹತ್ತು ಗಂಟೆಗೇ ಬಂಡೆ ಸುಡತೊಡಗುತ್ತದೆ, ಹಳ್ಳ ಬತ್ತುತ್ತದೆ, ಕುರಿಯವರೂ ನೀರಿರುವ ಕಡೆ ಸರಿದಿರುತ್ತಾರೆ. ಆಮೇಲೆ ಬರಬೇಡಿ.